ಸಂಗೀತದ ಪರವಾನಗಿ ಶುಲ್ಕ: ವಿದೇಶಗಳ ಸಣ್ಣ ವ್ಯಾಪಾರಿಗಳ ಅನುಭವದಿಂದ ಒಂದು ಪಾಠ

ಊಟದ ಹೋಟೆಲು, ಕ್ಷೌರದ ಅಂಗಡಿ, ಬಟ್ಟೆಯಂಗಡಿ, ವೈದ್ಯರ ನಿರೀಕ್ಷಣಾ ಕೊಠಡಿ – ಇಂದು ಸಂಗೀತ ಕೇಳಿಬರದ ಸಾರ್ವಜನಿಕ ಸ್ಥಳಗಳು ವಿರಳವೆಂದೇ ಹೇಳಬೇಕು. ಬಂದವರ ಮನಸ್ಸಿಗೆ ಹಿತವಾಗಲೆಂದು ಮಾಲೀಕನು ರೇಡಿಯೋ ಹಾಕುತ್ತಾನೆ ಅಥವಾ ಹಣ ಕೊಟ್ಟು ಕೊಂಡ ಧ್ವನಿಮುದ್ರಿಕೆಯನ್ನು ನುಡಿಸುತ್ತಾನೆ. ಹೀಗೆ ನುಡಿಸುವುದಕ್ಕೂ ಪ್ರತ್ಯೇಕವಾಗಿ ಶುಲ್ಕ ತೆರಬೇಕೆಂಬ ಸಂಗತಿ ಅನೇಕ ವ್ಯಾಪಾರಿಗಳಿಗೆ ತಿಳಿದುಬರುವುದು ಅಂಚೆಯಲ್ಲಿ ನೋಟೀಸು ಬಂದ ದಿನವೇ. ಆಗ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು: ಕೊಂಡ ವಸ್ತುವಿಗೆ ಮತ್ತೆ ಹಣವೇಕೆ? ಪಕ್ಕದ ದೊಡ್ಡ ಅಂಗಡಿಗೆ ಬಾರದ ನೋಟೀಸು ತನಗೇಕೆ ಬಂತು?

ಮೊದಲನೆಯ ಪ್ರಶ್ನೆಗೆ ಕೃತಿಸ್ವಾಮ್ಯದ ಕಾನೂನಿನಲ್ಲಿ ಸ್ಪಷ್ಟವಾದ ಉತ್ತರವಿದೆ. ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ವಿದೇಶಗಳಲ್ಲಿ ಉಪಾಹಾರ ಗೃಹ ಅಥವಾ ಅಂಗಡಿ ನಡೆಸುವ ಬಂಧುಗಳಿರುವ ಕನ್ನಡಿಗರಿಗೂ, ಪರಸ್ಥಳಗಳಲ್ಲಿ ಸಂಘಸಂಸ್ಥೆಗಳ ಮೂಲಕ ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುವವರಿಗೂ ಈ ವಿಷಯದ ತಿಳಿವಳಿಕೆ ಉಪಯುಕ್ತವಾದುದು.

ಹಕ್ಕಿನ ಉಗಮ

ಈ ಹಕ್ಕು ರೂಪುಗೊಂಡದ್ದೇ ಒಂದು ಸಣ್ಣ ವ್ಯಾಪಾರದ ಸ್ಥಳದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1847ರಲ್ಲಿ ಪ್ಯಾರಿಸ್ ನಗರದ ಒಂದು ಸಂಗೀತ ಕೆಫೆಗೆ ಅರ್ನೆಸ್ಟ್ ಬೂರ್ಜೆ ಎಂಬ ಗೀತರಚನಕಾರನು ಹೋಗಿದ್ದನು. ಅಲ್ಲಿ ಆತನದೇ ಕೃತಿಯನ್ನು ಆತನ ಅನುಮತಿಯಿಲ್ಲದೆ ಹಾಡಲಾಗುತ್ತಿತ್ತು. ತನ್ನ ಹಾಡಿಗೆ ಕೆಫೆ ಹಣ ಕೊಡುವುದಿಲ್ಲವಾದರೆ, ಕುಡಿದ ಪಾನೀಯಕ್ಕೆ ತಾನೂ ಹಣ ಕೊಡುವುದಿಲ್ಲವೆಂದು ಆತ ವಾದಿಸಿದನು. ವಿವಾದ ನ್ಯಾಯಾಲಯವನ್ನು ಮುಟ್ಟಿ, ತೀರ್ಪು ಗೀತರಚನಕಾರನ ಪರವಾಗಿ ಬಂದಿತು. ಆದರೆ ಒಬ್ಬ ರಚನಕಾರನು ಪ್ರತಿಯೊಂದು ಕೆಫೆಗೂ ಹೋಗಿ ಹಣ ಕೇಳುವುದು ಅಸಾಧ್ಯ. ಆದಕಾರಣ ರಚನಕಾರರೆಲ್ಲ ಒಂದುಗೂಡಿ 1851ರಲ್ಲಿ 'ಸಾಸೆಮ್' ಎಂಬ ಸಂಘವನ್ನು ಸ್ಥಾಪಿಸಿದರು. ಸದಸ್ಯರೆಲ್ಲರ ಪರವಾಗಿ ಪರವಾನಗಿ ನೀಡಿ, ಶುಲ್ಕ ಸಂಗ್ರಹಿಸಿ ಹಂಚುವ ಪದ್ಧತಿ ಅಲ್ಲಿಂದ ಬೆಳೆಯಿತು.

1914ರಲ್ಲಿ ಬ್ರಿಟನ್ನಿನಲ್ಲಿ 'ಪಿ.ಆರ್.ಎಸ್.' ಹಾಗೂ ಅಮೆರಿಕದಲ್ಲಿ 'ಆಸ್ಕ್ಯಾಪ್' ಸಂಘಗಳು ಸ್ಥಾಪನೆಯಾದವು. ಅಮೆರಿಕದ ಕಾನೂನಿನಲ್ಲಿ ಲಾಭಕ್ಕಾಗಿ ಮಾಡುವ ಸಾರ್ವಜನಿಕ ಪ್ರಸ್ತುತಿಗೆ ಮಾತ್ರ ಅನುಮತಿ ಬೇಕಾಗಿತ್ತು. ಊಟಕ್ಕೆ ಮಾತ್ರ ಹಣ ಪಡೆದು ಸಂಗೀತವನ್ನು ಉಚಿತವಾಗಿ ಕೇಳಿಸಿದರೆ ಅದು ಲಾಭಕ್ಕಾಗಿಯೇ? ಸಂಯೋಜಕ ವಿಕ್ಟರ್ ಹರ್ಬರ್ಟ್ ನ್ಯೂಯಾರ್ಕಿನ ಒಂದು ಭೋಜನಾಲಯದ ವಿರುದ್ಧ ಹೂಡಿದ ದಾವೆಯಲ್ಲಿ ಈ ಪ್ರಶ್ನೆ ಎದ್ದಿತು. ಸಂಗೀತದಿಂದ ಪ್ರಯೋಜನವಿಲ್ಲದಿದ್ದರೆ ಭೋಜನಾಲಯವು ಅದನ್ನು ಕೈಬಿಡುತ್ತಿತ್ತು. ಆದುದರಿಂದ ಅದರ ಉದ್ದೇಶ ಲಾಭವೇ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1917ರಲ್ಲಿ ನಿರ್ಣಯಿಸಿತು.

ಒಂದು ಹಾಡು, ಎರಡು ಹಕ್ಕುಗಳು

ಧ್ವನಿಮುದ್ರಿಕೆಯನ್ನು ಕೊಳ್ಳುವವನು ಅದನ್ನು ಮನೆಯಲ್ಲಿ ಕೇಳುವ ಅಧಿಕಾರವನ್ನು ಪಡೆಯುತ್ತಾನೆಯೇ ಹೊರತು, ವ್ಯಾಪಾರದ ಸ್ಥಳದಲ್ಲಿ ಜನರಿಗೆ ಕೇಳಿಸುವ ಅಧಿಕಾರವನ್ನಲ್ಲ. ಇದಲ್ಲದೆ, ಒಂದೇ ಹಾಡಿನಲ್ಲಿ ಎರಡು ಹಕ್ಕುಗಳು ಅಡಗಿರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು. ಅದನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಿಕೆಯ ಹಕ್ಕು ಇನ್ನೊಂದು.

ಪುರಂದರದಾಸರ ಕೀರ್ತನೆಯ ಉದಾಹರಣೆಯಿಂದ ಈ ಭೇದವನ್ನು ಸುಲಭವಾಗಿ ತಿಳಿಯಬಹುದು. ದಾಸರ ಸಾಹಿತ್ಯಕ್ಕೆ ಇಂದು ಯಾವ ದೇಶದಲ್ಲಿಯೂ ಕೃತಿಸ್ವಾಮ್ಯವಿಲ್ಲ. ಅದನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಕೀರ್ತನೆಗೆ ಇತ್ತೀಚೆಗೆ ಒಬ್ಬರು ಹೊಸ ಧಾಟಿಯನ್ನು ಅಳವಡಿಸಿದ್ದರೆ ಆ ಧಾಟಿಗೆ ಸ್ವಾಮ್ಯವಿರಬಹುದು. ಗಾಯಕರೊಬ್ಬರ ಕಂಠದಲ್ಲಿ ಸಂಸ್ಥೆಯೊಂದು ಹೊರತಂದ ಧ್ವನಿಮುದ್ರಿಕೆಗೆ ಪ್ರತ್ಯೇಕ ಸ್ವಾಮ್ಯವಿರುತ್ತದೆ.

ಬ್ರಿಟನ್ನಿನಲ್ಲಿ ಎರಡನೆಯ ಹಕ್ಕು ಸ್ಥಾಪಿತವಾದದ್ದೂ ಒಂದು ಸಣ್ಣ ಉಪಾಹಾರ ಗೃಹದ ಪ್ರಕರಣದಿಂದಲೇ. ಬ್ರಿಸ್ಟಲ್ ನಗರದ ಕಾಫಿ ಅಂಗಡಿಯೊಂದು ಗ್ರಾಹಕರಿಗಾಗಿ ಗ್ರಾಮಫೋನ್ ತಟ್ಟೆಯನ್ನು ನುಡಿಸಿದಾಗ ಗ್ರಾಮಫೋನ್ ಕಂಪೆನಿ ದಾವೆ ಹೂಡಿ ಗೆದ್ದಿತು. ಅದರ ಬೆನ್ನಿಗೇ 1934ರಲ್ಲಿ ಧ್ವನಿಮುದ್ರಿಕೆಗಳ ಶುಲ್ಕ ಸಂಗ್ರಹಕ್ಕೆ 'ಪಿ.ಪಿ.ಎಲ್.' ಸಂಸ್ಥೆ ಹುಟ್ಟಿತು. ಅಲ್ಲಿಂದ ಮುಂದೆ ಬ್ರಿಟನ್ನಿನ ಅಂಗಡಿಕಾರನು ಎರಡು ಸಂಸ್ಥೆಗಳಿಗೆ ಎರಡು ಬಾರಿ ಶುಲ್ಕ ಸಲ್ಲಿಸಬೇಕಾಗಿತ್ತು. 2018ರಲ್ಲಿ ಈ ಎರಡೂ ಸಂಸ್ಥೆಗಳು ಒಂದುಗೂಡಿ ಒಂದೇ ಪರವಾನಗಿಯನ್ನು ನೀಡತೊಡಗಿದವು. ಆಸ್ಟ್ರೇಲಿಯಾದಲ್ಲಿಯೂ 2019ರಿಂದ ಇಂಥದೇ ಏಕ ಪರವಾನಗಿಯ ವ್ಯವಸ್ಥೆ ಜಾರಿಯಲ್ಲಿದೆ. ಅಮೆರಿಕದಲ್ಲಿ ಮಾತ್ರ ಹೋಟೆಲು, ಅಂಗಡಿಗಳಲ್ಲಿ ತಟ್ಟೆ ನುಡಿಸಿದಾಗ ಅಥವಾ ರೇಡಿಯೋ ಹಾಕಿದಾಗ ಸಂಯೋಜಕರಿಗಷ್ಟೇ ಶುಲ್ಕ ಸಲ್ಲುತ್ತದೆ; ಗಾಯಕರಿಗೂ ಧ್ವನಿಮುದ್ರಣ ಸಂಸ್ಥೆಗೂ ಅಂಥ ಹಕ್ಕನ್ನು ಅಲ್ಲಿನ ಕಾನೂನು ಕೊಟ್ಟಿಲ್ಲ.

ಶುಲ್ಕವನ್ನು ನಿಗದಿಪಡಿಸುವ ಬಗೆ

ಅಂಗಡಿಕಾರನು ದಿನಕ್ಕೆ ಎಷ್ಟು ಹಾಡು ನುಡಿಸಿದನೆಂದು ಯಾರೂ ಲೆಕ್ಕವಿಡುವುದಿಲ್ಲ. ಸಂಘದ ಭಂಡಾರದಲ್ಲಿರುವ ಎಲ್ಲ ಕೃತಿಗಳನ್ನೂ ಒಂದು ವರ್ಷದವರೆಗೆ ಬಳಸಿಕೊಳ್ಳಲು ಒಟ್ಟಾಗಿ ಪರವಾನಗಿ ನೀಡುವುದು ಸಾಮಾನ್ಯ ಪದ್ಧತಿ. ಸ್ಥಳದ ವಿಸ್ತೀರ್ಣ, ಕೂರುವ ಜನರ ಸಂಖ್ಯೆ, ರೇಡಿಯೋವೋ ಧ್ವನಿಮುದ್ರಿಕೆಯೋ ಎದುರಿನಲ್ಲೇ ಹಾಡುವ ಗಾಯಕರೋ ಎಂಬ ಭೇದ, ನೃತ್ಯವುಂಟೋ ಇಲ್ಲವೋ ಎಂಬ ಅಂಶ – ಇವುಗಳನ್ನು ಅನುಸರಿಸಿ ದರ ನಿಗದಿಯಾಗುತ್ತದೆ.

ಹೀಗೆ ಸಂಗ್ರಹವಾದ ಹಣ ಸಂಘದ ವೆಚ್ಚ ಕಳೆದು ಸದಸ್ಯರಿಗೆ ಹಂಚಿಕೆಯಾಗುತ್ತದೆ. ದೊಡ್ಡ ಪ್ರಸಾರ ಕೇಂದ್ರಗಳಲ್ಲಿ ಯಾವ ಹಾಡು ಎಷ್ಟು ಬಾರಿ ಕೇಳಿಬಂತೆಂಬುದಕ್ಕೆ ದಾಖಲೆಯಿರುತ್ತದೆ; ಸಣ್ಣ ಅಂಗಡಿಯಲ್ಲಿ ನುಡಿದ ಹಾಡಿಗೆ ಬಹುಮಟ್ಟಿಗೆ ದಾಖಲೆಯಿರುವುದಿಲ್ಲ. ಆದುದರಿಂದ ಅಂಗಡಿಗಳ ಹಣವನ್ನು ಬೇರೆಡೆಯ ದಾಖಲೆಗಳ ಅಥವಾ ಮಾದರಿ ಸಮೀಕ್ಷೆಗಳ ಆಧಾರದ ಮೇಲೆ ಹಂಚಬೇಕಾಗುತ್ತದೆ. ಲಂಡನ್ನಿನ ಉಪಾಹಾರ ಗೃಹವೊಂದರಲ್ಲಿ ದಿನವಿಡೀ ಕನ್ನಡ ಚಿತ್ರಗೀತೆಗಳನ್ನೇ ನುಡಿಸಿದರೂ, ಆ ಬಳಕೆ ದಾಖಲಾಗದಿದ್ದರೆ, ಅಲ್ಲಿ ಸಲ್ಲಿಸಿದ ಶುಲ್ಕ ಆ ಗೀತೆಗಳ ಕನ್ನಡ ಕವಿಗೂ ಸಂಯೋಜಕನಿಗೂ ತಲುಪುತ್ತದೆಂದು ಹೇಳುವಂತಿಲ್ಲ.

ಅಮೆರಿಕದ ಅನುಭವ

ಪಿಟ್ಸ್‌ಬರ್ಗ್ ನಗರದಲ್ಲಿ ಕೋಳಿ ಖಾದ್ಯದ ಸಣ್ಣ ಅಂಗಡಿಯೊಂದಿತ್ತು. ಗ್ರಾಹಕರಿಗೆ ಅದರಲ್ಲಿ ಇದ್ದ ಸ್ಥಳ 620 ಚದರ ಅಡಿ ಮಾತ್ರ. ಮಾಲೀಕನು ಒಂದು ರೇಡಿಯೋವನ್ನು ನಾಲ್ಕು ಧ್ವನಿವರ್ಧಕಗಳಿಗೆ ಜೋಡಿಸಿ ಹಾಡುಗಳನ್ನು ಕೇಳಿಸುತ್ತಿದ್ದನು. ರೇಡಿಯೋ ಕೇಂದ್ರ ಪರವಾನಗಿ ಪಡೆದಿತ್ತು, ಅಂಗಡಿ ಪಡೆದಿರಲಿಲ್ಲ. ದಾವೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ರೇಡಿಯೋ ಹಾಕುವವನು ಸಂಗೀತವನ್ನು ಪ್ರಸ್ತುತಪಡಿಸುವುದಿಲ್ಲ, ಬರಿದೆ ಆಲಿಸುತ್ತಾನೆ. ಇಂಥ ಅಸಂಖ್ಯಾತ ಅಂಗಡಿಗಳ ಮೇಲೆ ಕಾನೂನನ್ನು ಸಮನಾಗಿ ಜಾರಿಗೊಳಿಸುವುದು ಅಸಾಧ್ಯವಾದುದರಿಂದ ಹೊಣೆ ಹೊರಿಸುವುದು ಅನ್ಯಾಯವಾದೀತು ಎಂಬ ಅಭಿಪ್ರಾಯ 1975ರ ತೀರ್ಪಿನಲ್ಲಿ ವ್ಯಕ್ತವಾಯಿತು. ಅಸಮಾನ ಜಾರಿಯ ಸಮಸ್ಯೆಯನ್ನು ಸರ್ವೋಚ್ಚ ನ್ಯಾಯಾಲಯವೊಂದು ಇಷ್ಟು ನೇರವಾಗಿ ಗುರುತಿಸಿದ ಈ ಪ್ರಕರಣ ಇಂದಿಗೂ ಗಮನಾರ್ಹವಾಗಿದೆ.

1976ರ ಕಾನೂನು ಮನೆಬಳಕೆಯ ಮಾದರಿಯ ಒಂದು ಉಪಕರಣಕ್ಕೆ ಮಾತ್ರ ವಿನಾಯಿತಿ ನೀಡಿತು. 'ಮನೆಬಳಕೆಯ ಮಾದರಿ' ಎಂದರೇನೆಂಬ ಬಗ್ಗೆಯೇ ವಿವಾದಗಳು ಬೆಳೆದುದರಿಂದ 1998ರಲ್ಲಿ ಅಳತೆಗಳನ್ನೇ ಕಾನೂನಿನಲ್ಲಿ ನಮೂದಿಸಲಾಯಿತು. ಅದರಂತೆ 3,750 ಚದರ ಅಡಿಗಿಂತ ಕಡಿಮೆ ವಿಸ್ತೀರ್ಣದ ಭೋಜನಾಲಯ ಮತ್ತು ಪಾನಗೃಹಗಳೂ, 2,000 ಚದರ ಅಡಿಗಿಂತ ಕಡಿಮೆ ವಿಸ್ತೀರ್ಣದ ಇತರ ಅಂಗಡಿಗಳೂ ರೇಡಿಯೋ ಮತ್ತು ದೂರದರ್ಶನದ ಸಂಗೀತವನ್ನು ಶುಲ್ಕವಿಲ್ಲದೆ ಕೇಳಿಸಬಹುದು. ಅದಕ್ಕಿಂತ ದೊಡ್ಡ ಸ್ಥಳಗಳಿಗೂ, ಧ್ವನಿವರ್ಧಕಗಳು ಒಟ್ಟು ಆರನ್ನು ಹಾಗೂ ಒಂದು ಕೊಠಡಿಯಲ್ಲಿ ನಾಲ್ಕನ್ನು ಮೀರದಿದ್ದರೆ ರೇಡಿಯೋ ಪ್ರಸಾರದ ಮಟ್ಟಿಗೆ ವಿನಾಯಿತಿಯುಂಟು.

ಈ ರಿಯಾಯಿತಿಯಿಂದ ತಮ್ಮ ಸಂಯೋಜಕರಿಗೆ ನಷ್ಟವಾಯಿತೆಂದು ಐರೋಪ್ಯ ಸಮುದಾಯ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೂರು ದಾಖಲಿಸಿತು. ಅಮೆರಿಕದ ಭೋಜನಾಲಯಗಳಲ್ಲಿ ಸುಮಾರು ಶೇಕಡ 70ರಷ್ಟು ಹಾಗೂ ಚಿಲ್ಲರೆ ಅಂಗಡಿಗಳಲ್ಲಿ ಶೇಕಡ 45ರಷ್ಟು ವಿನಾಯಿತಿಯ ಒಳಗೆ ಬರುತ್ತವೆಂಬ ಅಂದಾಜು ವಿಚಾರಣೆಯಲ್ಲಿ ಮುಂದೆ ಬಂದಿತು. ಇಷ್ಟು ವ್ಯಾಪಕವಾದ ವಿನಾಯಿತಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ವಿರುದ್ಧವೆಂದು 2000ದಲ್ಲಿ ತೀರ್ಪಾಯಿತು. ವಾರ್ಷಿಕ ನಷ್ಟವನ್ನು 2001ರಲ್ಲಿ 12,19,900 ಯೂರೋ ಎಂದು ಪಂಚಾಯಿತರು ನಿರ್ಧರಿಸಿದರು. 2003ರಲ್ಲಿ ಅಮೆರಿಕ 33 ಲಕ್ಷ ಡಾಲರುಗಳನ್ನು ಸಲ್ಲಿಸಿತಾದರೂ ಕಾನೂನನ್ನು ಮಾತ್ರ ಬದಲಾಯಿಸಲಿಲ್ಲ. ಸಣ್ಣ ವ್ಯಾಪಾರಿಗೆ ತೋರುವ ಅನುಕಂಪದ ಬೆಲೆಯನ್ನು ಬೇರೊಬ್ಬ ಕಲಾವಿದನೇ ತೆರಬೇಕಾದೀತೆಂಬ ಸತ್ಯವನ್ನು ಈ ಪ್ರಕರಣ ಎತ್ತಿ ತೋರಿಸಿತು.

1998ರ ವಿನಾಯಿತಿ ರೇಡಿಯೋ, ದೂರದರ್ಶನಗಳಿಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡ ಪಾನಗೃಹವೊಂದು ಆರು ಧ್ವನಿವರ್ಧಕಗಳಿಂದ ರೇಡಿಯೋ ಕೇಳಿಸಿದರೆ ಶುಲ್ಕವಿಲ್ಲ. ಅದರ ಪಕ್ಕದ ಪುಟ್ಟ ಕಾಫಿ ಅಂಗಡಿಯಲ್ಲಿ ಸ್ಥಳೀಯ ಯುವಕನೊಬ್ಬನು ಗಿಟಾರ್ ಹಿಡಿದು ಇತರರ ಹಾಡುಗಳನ್ನು ಹಾಡಿದರೆ ಶುಲ್ಕವುಂಟು. ಅದೂ ಒಂದೇ ಕಡೆಯಲ್ಲ. ಆಸ್ಕ್ಯಾಪ್, ಬಿ.ಎಂ.ಐ., ಸೆಸ್ಯಾಕ್, ಜಿ.ಎಂ.ಆರ್. ಎಂಬ ನಾಲ್ಕು ಪ್ರಮುಖ ಸಂಸ್ಥೆಗಳಲ್ಲಿ ಕೃತಿಗಳ ಹಕ್ಕು ಹಂಚಿಹೋಗಿರುವುದರಿಂದ, ಒಂದರ ಪರವಾನಗಿ ಪಡೆದವನಿಗೂ ಇನ್ನೊಂದರಿಂದ ನೋಟೀಸು ಬರಬಹುದು. ಪರವಾನಗಿಯಿಲ್ಲದೆ ನುಡಿಸಿದ ಪ್ರತಿಯೊಂದು ಕೃತಿಗೂ ಕಾನೂನು ಸಾಮಾನ್ಯವಾಗಿ 750ರಿಂದ 30,000 ಡಾಲರುಗಳವರೆಗೆ ನಷ್ಟಪರಿಹಾರ ವಿಧಿಸುತ್ತದೆ. ಉದ್ದೇಶಪೂರ್ವಕವೆಂದು ಸಿದ್ಧವಾದರೆ ಅದು 1,50,000 ಡಾಲರುಗಳವರೆಗೆ ಏರಬಹುದು. ಒಂದು ಸಂಜೆಯಲ್ಲಿ ಹತ್ತು ಹಾಡು ಹಾಡಿಸಿದವನ ಕನಿಷ್ಠ ಹೊಣೆಯೇ ಸಾಮಾನ್ಯವಾಗಿ 7,500 ಡಾಲರು. ಈ ಭಯದಿಂದ, ತನ್ನ ಪಕ್ಷದಲ್ಲಿ ನ್ಯಾಯವಿದ್ದರೂ ಸಣ್ಣ ವ್ಯಾಪಾರಿ ನ್ಯಾಯಾಲಯದ ಮೆಟ್ಟಿಲೇರದೆ ರಾಜಿಗೆ ಒಪ್ಪುವುದು ಸಹಜ.

ಯೂರೋಪು ಮತ್ತು ಜಪಾನಿನ ಚಿತ್ರ

ಯೂರೋಪಿನಲ್ಲಿ ಶುಲ್ಕದ ರೇಖೆಯನ್ನು ಚದರ ಅಡಿಗಳಿಂದಲ್ಲದೆ 'ಸಾರ್ವಜನಿಕ' ಎಂಬ ಪದದ ಅರ್ಥದಿಂದ ಎಳೆಯಲಾಗಿದೆ. ಇಟಲಿಯ ಟ್ಯೂರಿನ್ ನಗರದ ದಂತವೈದ್ಯರೊಬ್ಬರು ತಮ್ಮ ಚಿಕಿತ್ಸಾಲಯದಲ್ಲಿ ಸಂಗೀತ ಕೇಳಿಸಿದ್ದಕ್ಕೆ ಧ್ವನಿಮುದ್ರಿಕೆಗಳ ಶುಲ್ಕ ಕೇಳಲಾಯಿತು. ರೋಗಿಗಳ ಸಂಖ್ಯೆ ಅಲ್ಪ, ಅವರು ಬರುವುದು ಸಂಗೀತಕ್ಕಾಗಿ ಅಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರಲ್ಲಿ ಆ ಬೇಡಿಕೆಯನ್ನು ತಳ್ಳಿಹಾಕಿತು. ಆದರೆ ಜರ್ಮನಿಯ ಪುನಶ್ಚೇತನ ಚಿಕಿತ್ಸಾ ಕೇಂದ್ರವೊಂದು ರೋಗಿಗಳಿಗಾಗಿ ದೂರದರ್ಶನ ಇರಿಸಿದ್ದು ಸಾರ್ವಜನಿಕ ಸಂವಹನವೇ ಆಗುತ್ತದೆಂದು ಅದೇ ನ್ಯಾಯಾಲಯ 2016ರಲ್ಲಿ ಹೇಳಿತು. ಕಾನೂನು ಬಲ್ಲವರೂ ಬಿಡಿಸಿ ಹೇಳಲು ಕಷ್ಟಪಡುವ ಇಂಥ ಭೇದವನ್ನು ಒಬ್ಬ ಕ್ಷೌರಿಕನು ತಾನಾಗಿ ತಿಳಿದುಕೊಳ್ಳಬೇಕೆಂದು ನಿರೀಕ್ಷಿಸುವುದು ಹೇಗೆ?

ಜಾರಿಯ ಅತಿರೇಕಕ್ಕೂ ಉದಾಹರಣೆಗಳಿವೆ. ಸ್ಕಾಟ್ಲೆಂಡಿನ ಒಂದು ದಿನಸಿ ಅಂಗಡಿ ಪರವಾನಗಿಯ ಕಾರಣದಿಂದ ರೇಡಿಯೋ ನಿಲ್ಲಿಸಿತ್ತು. ಅಲ್ಲಿನ ಕೆಲಸದಾಕೆ ಸಾಮಾನುಗಳನ್ನು ಜೋಡಿಸುತ್ತಾ ತಾನೇ ಹಾಡಿಕೊಳ್ಳತೊಡಗಿದಾಗ, ಅದಕ್ಕೂ ಪರವಾನಗಿ ಬೇಕೆಂದು ಆಕೆಗೆ ತಿಳಿಸಲಾಯಿತು. 2009ರಲ್ಲಿ ವಿಷಯ ಪತ್ರಿಕೆಗಳಲ್ಲಿ ಬಂದ ಮೇಲೆ ಪಿ.ಆರ್.ಎಸ್. ಸಂಘ ಕ್ಷಮೆ ಕೋರಿತು. ಅಮೆರಿಕದಲ್ಲಿ 1996ರಲ್ಲಿ ಬೇಸಿಗೆ ಶಿಬಿರಗಳ ಮಕ್ಕಳ ಹಾಡುಗಳಿಗೆ ಆಸ್ಕ್ಯಾಪ್ ಶುಲ್ಕ ಕೇಳಿ, ಜನರ ಆಕ್ರೋಶಕ್ಕೆ ಗುರಿಯಾಗಿ ಹಿಂದೆಗೆಯಿತು. ಹುಟ್ಟುಹಬ್ಬದ ಪ್ರಸಿದ್ಧ ಆಂಗ್ಲ ಗೀತೆಯ ಪ್ರಕರಣ ಇವೆಲ್ಲಕ್ಕಿಂತ ಬೋಧಪ್ರದ. ಹಲವು ದಶಕಗಳ ಕಾಲ ಅದಕ್ಕೆ ಶುಲ್ಕ ವಸೂಲಿಯಾಗುತ್ತಿತ್ತು. ಸಾಕ್ಷ್ಯಚಿತ್ರ ನಿರ್ಮಾಪಕರೊಬ್ಬರು ಪ್ರಶ್ನಿಸಿದ ಮೇಲೆ, ಆ ಸಾಹಿತ್ಯದ ಸ್ವಾಮ್ಯ ವಸೂಲಿಗಾರ ಸಂಸ್ಥೆಗೆ ಇರಲಿಲ್ಲವೆಂದು 2015ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಮಾನಿಸಿತು. 2016ರಲ್ಲಿ 1 ಕೋಟಿ 40 ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ಜಪಾನಿನ ಕ್ರಮ ತುಸು ಭಿನ್ನ. ಸಾಮಾನ್ಯ ಅಂಗಡಿಗಳಲ್ಲಿ ಧ್ವನಿಮುದ್ರಿಕೆ ನುಡಿಸಲು ಇದ್ದ ವಿನಾಯಿತಿಯನ್ನು ಅಲ್ಲಿ 1999ರ ತಿದ್ದುಪಡಿ ತೆಗೆದುಹಾಕಿತು. ಆದರೆ 'ಜಾಸ್ರಾಕ್' ಸಂಘ ಶುಲ್ಕ ಸಂಗ್ರಹವನ್ನು ಆರಂಭಿಸಿದ್ದು 2002ರಲ್ಲಿ. ವ್ಯಾಪಾರಿಗಳಿಗೆ ನಡುವೆ ಕಾಲಾವಕಾಶ ದೊರೆಯಿತು. 500 ಚದರ ಮೀಟರಿನವರೆಗಿನ ಅಂಗಡಿಗೆ ವರ್ಷಕ್ಕೆ 6,000 ಯೆನ್ ಎಂದು ಸರಳ ದರ ನಿಗದಿಯಾಯಿತು. ಆಸ್ಪತ್ರೆ, ಶಾಲೆಗಳಿಗೂ ರಸ್ತೆಬದಿಯ ಅಂಗಡಿಗಳ ಅಲ್ಪಕಾಲದ ಬಳಕೆಗೂ ಸದ್ಯಕ್ಕೆ ಶುಲ್ಕ ಬೇಡವೆಂದು ಸಂಘವೇ ಪ್ರಕಟಿಸಿತು. ಅಲ್ಲಿಯೂ ವಿವಾದಗಳಿಲ್ಲದೆ ಇಲ್ಲ. ಸಂಗೀತ ಶಾಲೆಗಳಿಂದ ಶುಲ್ಕ ಕೇಳಿದಾಗ, ಶಿಷ್ಯರು ಕಲಿಯಲು ನುಡಿಸುವ ಸಂಗೀತಕ್ಕೆ ಶಾಲೆ ಶುಲ್ಕ ತೆರಬೇಕಿಲ್ಲವೆಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು.

ಅಸಮಾನತೆಯ ಕಾರಣಗಳು

ಮೇಲಿನ ಸಂಗತಿಗಳನ್ನು ಒಟ್ಟಾಗಿ ನೋಡಿದರೆ, ಅಸಮಾನತೆಗೆ ನಾಲ್ಕು ಕಾರಣಗಳು ಕಾಣುತ್ತವೆ.

ಒಂದು, ಪತ್ತೆಯ ಸ್ವರೂಪ. ಎಲ್ಲ ಅಂಗಡಿಗಳನ್ನೂ ಪರಿಶೀಲಿಸುವುದು ಯಾವ ಸಂಘಕ್ಕೂ ಸಾಧ್ಯವಿಲ್ಲ. ಆದಕಾರಣ ಗಾಯನದ ಜಾಹೀರಾತು ಹಾಕಿದವನೂ ಪ್ರತಿನಿಧಿಯ ಕಣ್ಣಿಗೆ ಬಿದ್ದವನೂ ಸಿಕ್ಕಿಬೀಳುತ್ತಾರೆ, ಉಳಿದವರು ಪಾರಾಗುತ್ತಾರೆ.

ಎರಡು, ಚೌಕಾಸಿಯ ಶಕ್ತಿ. ಸರಪಳಿ ಅಂಗಡಿಗಳೂ ವ್ಯಾಪಾರ ಮಹಾಮಂಡಲಗಳೂ ವಕೀಲರ ಮೂಲಕ ಮಾತುಕತೆ ನಡೆಸಿ ದರ ಇಳಿಸಿಕೊಳ್ಳಬಲ್ಲವು. ಒಂಟಿ ಅಂಗಡಿಕಾರನಿಗೆ ಬರುವುದು ಅಚ್ಚಾದ ನಮೂನೆ ಮಾತ್ರ.

ಮೂರು, ಮಾಹಿತಿಯ ಕೊರತೆ. ಯಾವ ಹಾಡು ಯಾರದೆಂದು ಅಂಗಡಿಕಾರನಿಗೆ ತಿಳಿಯದು. ಜರ್ಮನಿಯಲ್ಲಂತೂ ಸಾರ್ವಜನಿಕವಾಗಿ ನುಡಿದ ಸಂಗೀತವು 'ಗೇಮಾ' ಸಂಘಕ್ಕೆ ಸೇರಿದ್ದೆಂದೇ ನ್ಯಾಯಾಲಯಗಳು ಭಾವಿಸುತ್ತವೆ; ಅಲ್ಲವೆಂದು ತೋರಿಸುವ ಹೊಣೆ ನುಡಿಸಿದವನದು.

ನಾಲ್ಕು, ವ್ಯಾಜ್ಯದ ವೆಚ್ಚ. ವರ್ಷದ ಶುಲ್ಕ ಕೆಲವು ನೂರು ಡಾಲರುಗಳಾಗಿದ್ದು ಮೊಕದ್ದಮೆಯ ಖರ್ಚು ಅದರ ಹಲವು ಪಟ್ಟಾದಾಗ, ದರ ನ್ಯಾಯವೇ ಅನ್ಯಾಯವೇ ಎಂದು ಪ್ರಶ್ನಿಸುವವರೇ ಇಲ್ಲವಾಗುತ್ತಾರೆ. ಇದನ್ನು ಮನಗಂಡೇ ಬ್ರಿಟನ್ನಿನಲ್ಲಿ ದರಗಳ ವಿವಾದಕ್ಕೆ ಕೃತಿಸ್ವಾಮ್ಯ ನ್ಯಾಯಮಂಡಳಿಯನ್ನು ರಚಿಸಲಾಗಿದೆ. ಅಮೆರಿಕದ 1998ರ ಕಾನೂನು ಏಳಕ್ಕಿಂತ ಕಡಿಮೆ ಅಂಗಡಿಗಳಿರುವ ಮಾಲೀಕನಿಗೆ, ದೂರದ ನ್ಯೂಯಾರ್ಕಿಗೆ ಹೋಗದೆ ತನ್ನ ಪ್ರಾಂತದಲ್ಲೇ ದರವನ್ನು ಪ್ರಶ್ನಿಸುವ ಅವಕಾಶ ನೀಡಿದೆ.

ಭಾರತದ ಕಾನೂನಿನೊಡನೆ ಹೋಲಿಕೆ

ಭಾರತ 1928ರಿಂದ ಬರ್ನ್ ಒಪ್ಪಂದದ ಸದಸ್ಯ ರಾಷ್ಟ್ರ. ಆದುದರಿಂದ ಭಾರತೀಯ ಕೃತಿಗಳಿಗೆ ಒಪ್ಪಂದದ ಇತರ ದೇಶಗಳಲ್ಲಿಯೂ, ಆ ದೇಶಗಳ ಕೃತಿಗಳಿಗೆ ಇಲ್ಲಿಯೂ ರಕ್ಷಣೆಯುಂಟು. 'ನಮ್ಮ ಭಾಷೆಯ ಹಾಡು, ಇಲ್ಲಿ ಕೇಳುವವರಾರು?' ಎಂಬ ವಾದ ವಿದೇಶದಲ್ಲಿ ನಿಲ್ಲದು. 1957ರ ಕೃತಿಸ್ವಾಮ್ಯ ಅಧಿನಿಯಮ ಇಲ್ಲಿ ಜಾರಿಯಲ್ಲಿದ್ದು, ಸಾಹಿತಿಗಳ ಹಾಗೂ ಸಂಯೋಜಕರ ಪರವಾಗಿ 1969ರಲ್ಲಿ 'ಐ.ಪಿ.ಆರ್.ಎಸ್.' ಸಂಘ ಸ್ಥಾಪನೆಯಾಯಿತು. ಚಿತ್ರಗೀತೆಗಳ ಸಾಹಿತಿ ಮತ್ತು ಸಂಯೋಜಕರಿಗೆ ಗೌರವಧನದ ಪಾಲನ್ನು ತಪ್ಪಿಸದಂತೆ 2012ರ ತಿದ್ದುಪಡಿ ರಕ್ಷಣೆ ಒದಗಿಸಿದೆ. ಕೃತಿಸ್ವಾಮ್ಯ ಸಂಘಗಳು ತಮ್ಮ ದರಪಟ್ಟಿಯನ್ನು ಪ್ರಕಟಿಸಬೇಕು. ಅದರಿಂದ ಬಾಧಿತರಾದವರು ಮೇಲ್ಮನವಿ ಸಲ್ಲಿಸಬಹುದು.

ಅದೇ ಅಧಿನಿಯಮದ 52ನೆಯ ಪ್ರಕರಣ ಜನಸಾಮಾನ್ಯರಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಲಾಭದ ಉದ್ದೇಶವಿಲ್ಲದ ಸಂಘವು ತನ್ನ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿಕೆ ಕೇಳಿಸುವುದು, ಹವ್ಯಾಸಿ ಸಂಘವು ಟಿಕೆಟ್ಟಿಲ್ಲದ ಸಭಿಕರ ಮುಂದೆ ಹಾಡುವುದು, ನೈಜ ಧಾರ್ಮಿಕ ಸಮಾರಂಭಗಳಲ್ಲಿ ಸಂಗೀತ ಬಳಸುವುದು ಉಲ್ಲಂಘನೆಯಲ್ಲ. ಮದುವೆಯ ದಿಬ್ಬಣ ಹಾಗೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಇದರಲ್ಲಿ ಸೇರುತ್ತವೆಂದು ಕೇಂದ್ರ ಸರ್ಕಾರ 2023ರ ಜುಲೈ ತಿಂಗಳಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಆದರೆ ಈ ವಿನಾಯಿತಿಗಳು ಭಾರತದ ಗಡಿಯೊಳಗೆ ಮಾತ್ರ ಅನ್ವಯಿಸುತ್ತವೆ. ಅಮೆರಿಕದಲ್ಲಿ ರಾಜ್ಯೋತ್ಸವ ಆಚರಿಸುವ ಕನ್ನಡ ಸಂಘವು ಅಲ್ಲಿನ ಕಾನೂನನ್ನೇ ನೋಡಬೇಕು. ಕಲಾವಿದರಿಗೂ ಸಂಘಟಕರಿಗೂ ಸಂಭಾವನೆಯಿಲ್ಲದ, ಪ್ರವೇಶಧನವಿಲ್ಲದ, ವ್ಯಾಪಾರದ ಲಾಭವಿಲ್ಲದ ಗಾಯನಕ್ಕೆ ಅಲ್ಲಿಯೂ ವಿನಾಯಿತಿಯುಂಟು; ಸಂಭಾವನೆ ಕೊಟ್ಟು ವಾದ್ಯವೃಂದವನ್ನು ಕರೆಸಿದರೆ ಆ ವಿನಾಯಿತಿ ದೊರೆಯದು.

ವ್ಯಾಪಾರಿಗಳೂ ಸಂಘಟಕರೂ ಗಮನಿಸಬೇಕಾದ ಅಂಶಗಳು

1. ನೋಟೀಸು ಬಂದರೆ ಕಡೆಗಣಿಸಬಾರದು. ಹೆದರಿ ಕೂಡಲೇ ಹಣವನ್ನೂ ಕಟ್ಟಬಾರದು. ಕಳುಹಿಸಿದ ಸಂಸ್ಥೆ ಅಧಿಕೃತವೇ, ಯಾವ ಹಕ್ಕಿಗಾಗಿ ಹಣ ಕೇಳುತ್ತಿದೆ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿಯಬೇಕು.

2. ಸ್ಥಳದ ವಿಸ್ತೀರ್ಣ, ಧ್ವನಿವರ್ಧಕಗಳ ಸಂಖ್ಯೆ ಮತ್ತು ಸಂಗೀತದ ಮೂಲವನ್ನು ಬರೆದಿಟ್ಟುಕೊಳ್ಳಬೇಕು. ವಿನಾಯಿತಿ ದೊರೆಯುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿದೆ.

3. ಮನೆಬಳಕೆಗೆಂದು ಚಂದಾ ಕಟ್ಟಿದ ಅಂತರಜಾಲದ ಸಂಗೀತ ಸೇವೆಯನ್ನು ಅಂಗಡಿಯಲ್ಲಿ ಬಳಸಬಾರದು.

4. ಒಬ್ಬಂಟಿಯಾಗಿ ವ್ಯವಹರಿಸುವ ಬದಲು ಸ್ಥಳೀಯ ವ್ಯಾಪಾರ ಸಂಘದ ಮೂಲಕ ದರದ ಮಾತುಕತೆ ನಡೆಸುವುದು ಲೇಸು.

5. ಸಾಧ್ಯವಾದೆಡೆ ನುಡಿಸಿದ ಹಾಡುಗಳ ಪಟ್ಟಿಯನ್ನು ಸಂಘಕ್ಕೆ ಸಲ್ಲಿಸಬೇಕು. ಸಲ್ಲಿಸಿದ ಶುಲ್ಕ ಆ ಹಾಡನ್ನು ರಚಿಸಿದವರಿಗೆ ತಲುಪಲು ಇದರಿಂದ ನೆರವಾಗುತ್ತದೆ.

ಹಾಡು ಕಟ್ಟಿದವನ ಅನ್ನವೂ ಅಂಗಡಿ ತೆರೆದವನ ಅನ್ನವೂ ದುಡಿಮೆಯದೇ. ದರ ಮಿತವಾಗಿ, ಪಟ್ಟಿ ಬಹಿರಂಗವಾಗಿ, ಕಾನೂನು ಎಲ್ಲರಿಗೂ ಒಂದೇ ಸಮನಾಗಿ ಜಾರಿಯಾದರೆ ಶುಲ್ಕ ತೆರಲು ವ್ಯಾಪಾರಿ ಹಿಂಜರಿಯನು. ಸಿಕ್ಕಿಬಿದ್ದವನಿಂದ ಮಾತ್ರ ವಸೂಲಿ ಮಾಡುವ ವ್ಯವಸ್ಥೆಯಲ್ಲಿ ಅವನು ಸಂಗೀತವನ್ನೇ ನಿಲ್ಲಿಸಿಬಿಡುತ್ತಾನೆ. ಆಗ ನಷ್ಟವಾಗುವುದು ಹಾಡು ಕಟ್ಟಿದವನಿಗೂ ಕೇಳುವವನಿಗೂ ಹೌದು.